ಬಾಯಿ ಕಹಿಯೇ? ಪಿತ್ತದ ಮೇಲೆ ಹಾಕಬೇಡಿ!

ಹೆಬ್ಬಾಳ: ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುವವರ ಬಾಯಲ್ಲಿ ಏಲಕ್ಕಿ, ಲವಂಗ, ಪೆಪ್ಪರ್‌ಮಿಂಟು. ಯಾಕೆ ಅಂದ್ರೆ ‘ಪಿತ್ತ ಸ್ವಾಮಿ!’ ಇರಬಹುದು. ಆದರೆ ವಾರಗಟ್ಟಲೆ ಬಿಡದ ಕೆಟ್ಟ ರುಚಿಗೆ ಮೊದಲು ಹಲ್ಲು, ವಸಡು ತೋರಿಸಬೇಕು.

ಹಲ್ಲುಜ್ಜುವಾಗ ರಕ್ತ ಬರುತ್ತಾ? ವಸಡಿನ ಕೆಳಗೆ ಪಾಚಿ ಗಾರೆಯಂತೆ ಕೂತು, ಒಳಗೆ ಕೀವು ಜಿನುಗುತ್ತಿರಬಹುದು. ಸಕ್ಕರೆ ಕಾಯಿಲೆಯವರಿಗೆ ಈ ಕಾಟ ಜಾಸ್ತಿ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ ಅನ್ನೋದು ಅಂಗಡಿ ಕಟ್ಟೆಯ ಪುಕಾರು. ಅಲ್ಲಾಡಿಸುವುದು ವಸಡಿನ ಕಾಯಿಲೆಯೇ.

ಇನ್ನೊಂದು ಮೋಸವಿದೆ. ನೋಯುತ್ತಿದ್ದ ಹಲ್ಲು ತಟಕ್ಕನೆ ಸುಮ್ಮನಾಗಿ, ಬಾಯಲ್ಲಿ ಉಪ್ಪುಪ್ಪು ರಸ ಬಂದರೆ ವಾಸಿಯಾಯ್ತು ಅಂತ ಖುಷಿಪಡಬೇಡಿ. ಬೇರಿನ ಕೀವು ಒಡೆದಿದೆ, ಅಷ್ಟೇ. ಅದಕ್ಕೆ ರೂಟ್ ಕೆನಾಲ್, ಇಲ್ಲವೇ ಕೀಳಿಸುವುದು. ಬರೀ ಮಾತ್ರೆ ಸಾಲದು. ಮೆಟ್ರೋನಿಡಜೋಲ್ ನುಂಗಿದರಂತೂ ಅದೇ ಬಾಯಿಗೆ ಲೋಹದ ರುಚಿ ತರುತ್ತೆ! ಸಡಿಲ ಕ್ಯಾಪು, ರಾತ್ರಿ ತೆಗೆಯದ ಕಟ್ಟುಹಲ್ಲು, ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಸಂದಿ, ಇವೂ ಹೀಗೇ ಕಾಡುತ್ತವೆ.

ಮುಖ ಊದಿ, ಜ್ವರ ಬಂದು, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆ.

ನಮ್ಮ ಚೋಳನಗರದಲ್ಲೇ ಶ್ರೀ ರಾಜೀವ್ ಗಾಂಧಿ ದಂತ ಕಾಲೇಜಿದೆ. ಸರ್ಕಾರಿಯೇ ಬೇಕೆಂದರೆ ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ದಂತ ಕಾಲೇಜು, 1958ರಷ್ಟು ಹಳೆಯದು. ಬೆಳಿಗ್ಗೆಯೇ ಮಾರ್ಕೆಟ್ ಬಸ್ ಹಿಡಿಯಿರಿ.