ಪಫ್ಫಿನ ಪದರಗಳು ಉಬ್ಬುವುದೇಕೆ?

ಜಯನಗರ, ಬನಶಂಕರಿ, ಜೆ.ಪಿ. ನಗರ – ದಕ್ಷಿಣ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಸಂಜೆಯ ವೇಳೆಗೆ ಬೇಕರಿಗಳ ಮುಂದೆ ಪಫ್ ತಿನ್ನುತ್ತ ನಿಂತ ವಿದ್ಯಾರ್ಥಿಗಳನ್ನು ಕಾಣುತ್ತೇವೆ. ನಮ್ಮ ನಗರಕ್ಕೆ ಅಯ್ಯಂಗಾರ್ ಬೇಕರಿ ಹೊಸತಲ್ಲ. ಮೊದಲನೆಯದು 1898ರಲ್ಲಿ ಚಿಕ್ಕಪೇಟೆಯಲ್ಲಿ ಹುಟ್ಟಿತು. ಪಲ್ಯವನ್ನು ಒಡಲಲ್ಲಿ ಇಟ್ಟುಕೊಂಡಿರುವ ಪಫ್ಫಿನ ಹಿಟ್ಟಿಗೆ ಬ್ರೆಡ್ಡಿಗೆ ಹಾಕುವಂತೆ ಯೀಸ್ಟ್ ಹಾಕುವುದಿಲ್ಲ, ಅಡಿಗೆ ಸೋಡವೂ ಬೇಕಾಗಿಲ್ಲ. ಆದರೂ ಅದು ಒಲೆಯಲ್ಲಿ ಹಲವು ಪಟ್ಟು ಉಬ್ಬುತ್ತದೆ. ಈ ಉಬ್ಬುವಿಕೆಗೆ ಕಾರಣವೇನು?

ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ, ಲಟ್ಟಿಸಿ, ಅದರೊಳಗೆ ಬೆಣ್ಣೆಯ ಹಲ್ಲೆಯೊಂದನ್ನು ಮುಚ್ಚಿದೆವೆಂದು ಭಾವಿಸೋಣ. ಈಗ ಬೆಣ್ಣೆಯ ಪದರ ಒಂದೇ. ಇದನ್ನು ಲಟ್ಟಿಸಿ ಮೂರು ಮಡಿಕೆ ಮಾಡಿದರೆ ಪದರಗಳು 3. ಮತ್ತೆ ಹಾಗೆಯೇ ಮಾಡಿದರೆ 9. ನಾಲ್ಕನೆಯ ಸಲಕ್ಕೆ 81, ಆರನೆಯ ಸಲಕ್ಕೆ 729! ಕೊನೆಗೆ ಹಿಟ್ಟನ್ನು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದರೆ, ಆಗ ಒಂದು ಹಿಟ್ಟಿನ ಪದರ ಮತ್ತು ಒಂದು ಬೆಣ್ಣೆಯ ಪದರ ಸೇರಿದರೂ ಮಿಲಿಮೀಟರಿನ ನೂರೆಂಬತ್ತನೆಯ ಒಂದು ಭಾಗದಷ್ಟೇ ಆಗುತ್ತದೆ. ತಲೆಗೂದಲೂ ಇದಕ್ಕಿಂತ ಎಷ್ಟೋ ದಪ್ಪ.

ಈ ಹಿಟ್ಟು ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಕಾವಿನ ಒಲೆಯನ್ನು ಸೇರಿದೊಡನೆ ಬೆಣ್ಣೆ ಕರಗುತ್ತದೆ. ಹಿಟ್ಟಿನಲ್ಲಿರುವ ನೀರೂ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲಿರುವ ನೀರೂ ಆವಿಯಾಗತೊಡಗುತ್ತವೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ ಒಂದು ಗ್ರಾಂ ನೀರು ಆವಿಯಾದರೆ 1,800 ಘನ ಸೆಂಟಿಮೀಟರಿಗೂ ಹೆಚ್ಚು ಸ್ಥಳವನ್ನು ಬೇಡುತ್ತದೆ. ಜಿಡ್ಡಿನ ಪದರ ಆವಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಆವಿಯು ಮೇಲಿನ ಹಾಳೆಯನ್ನು ಎತ್ತುತ್ತದೆ. ಅಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾಗಿ, ಎದ್ದ ಹಾಳೆಗಳು ಹಾಗೆಯೇ ನಿಲ್ಲುತ್ತವೆ.

ಇದೆಲ್ಲ ನಡೆಯಬೇಕಾದರೆ ಒಲೆಗೆ ಹೋಗುವವರೆಗೂ ಬೆಣ್ಣೆ ಬೇರೆಯಾಗಿಯೇ ಇರಬೇಕು. ಬೆಣ್ಣೆ ಮಣಿಯುವಷ್ಟು ಮೃದುವಾಗಿ, ಹರಿಯದಷ್ಟು ಗಟ್ಟಿಯಾಗಿರುವುದು 15 ಡಿಗ್ರಿಯ ಸುತ್ತಮುತ್ತ. ನಮ್ಮ ಊರಿನ ಜನವರಿಯ ಮುಂಜಾವು ಇದಕ್ಕೆ ಹತ್ತಿರ. 34 ಡಿಗ್ರಿ ಮುಟ್ಟುವ ಏಪ್ರಿಲ್ ಮಧ್ಯಾಹ್ನ ಬಹು ದೂರ. ಕರಗಿದ ಬೆಣ್ಣೆಯನ್ನು ಹಿಟ್ಟು ಹೀರಿಕೊಂಡರೆ ಪದರಗಳು ಅಳಿದು, ಪಫ್ಫಿಗೆ ಬದಲು ಗಟ್ಟಿ ಬಿಸ್ಕತ್ತು ದೊರೆಯುತ್ತದೆ. ಆದ್ದರಿಂದ ಪ್ರತಿ ಮಡಿಕೆಯ ನಡುವೆ ಅರ್ಧ ಗಂಟೆ ಶೀತಕದಲ್ಲಿಡುವುದು ಅಗತ್ಯ.

ಈ ತೊಡಕಿಗೆ ವನಸ್ಪತಿಯು ಅಗ್ಗದ ಪರಿಹಾರವಾಗಿ ಬಂದಿತು. ಅದು ಬೆಣ್ಣೆಗಿಂತ ಹೆಚ್ಚಿನ ಕಾವನ್ನು ತಾಳುತ್ತದೆ. ಆದರೆ ಎಣ್ಣೆಗೆ ಜಲಜನಕವನ್ನು ಅರೆಬರೆಯಾಗಿ ಸೇರಿಸಿದಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಇದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ, ಒಳ್ಳೆಯದನ್ನು ತಗ್ಗಿಸಿ, ಹೃದಯಕ್ಕೆ ಕೇಡು ತರುತ್ತದೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಇದು ನೂರಕ್ಕೆ 2 ಪಾಲನ್ನು ಮೀರಕೂಡದೆಂಬ ನಿಯಮವಿದೆ. ಹಾಗೆಂದು ಬೆಣ್ಣೆಯ ಪಫ್ಫನ್ನು ದಿನವೂ ತಿನ್ನಬಹುದೆಂದಲ್ಲ. ಅದೂ ಜಿಡ್ಡಿನ ಮುದ್ದೆಯೇ.

ನಮ್ಮ ಮದುವೆಮನೆಗಳ ಚಿರೋಟಿಯನ್ನು ಇಲ್ಲಿ ನೆನೆಯಬೇಕು. ತುಪ್ಪದಲ್ಲಿ ಅಕ್ಕಿಹಿಟ್ಟನ್ನು ನಾದಿ ಹಾಳೆಗಳ ನಡುವೆ ಸವರುತ್ತಾರೆ. ತುಪ್ಪ ಮೆತ್ತಗಾದರೂ ಅಕ್ಕಿಹಿಟ್ಟು ಅದನ್ನು ಹಿಡಿದಿಟ್ಟು ಹಾಳೆಗಳು ಅಂಟದಂತೆ ನೋಡಿಕೊಳ್ಳುತ್ತದೆ. ಶೀತಕವಿಲ್ಲದೆಯೇ ಬಿಸಿಲ ನಾಡು ಕಂಡುಕೊಂಡ ಉಪಾಯವಿದು!

ಓದುಗರಲ್ಲಿ ನಾಲ್ವರು ಗೆಳೆಯರು ಸೇರಿ, ಮನೆಯ ಹಿರಿಯರನ್ನು ಜೊತೆಗಿಟ್ಟುಕೊಂಡು, ಒಂದು ಪಂದ್ಯವನ್ನು ಹೂಡಬಹುದು. ಹಿಟ್ಟು, ಬೆಣ್ಣೆ, ಒಲೆಯ ಕಾವು ಎಲ್ಲರಿಗೂ ಒಂದೇ ಇರಲಿ. ಒಬ್ಬರು ಎರಡು ಸಲ ಮಡಿಸಲಿ, ಇನ್ನೊಬ್ಬರು ನಾಲ್ಕು ಸಲ, ಮತ್ತೊಬ್ಬರು ಆರು ಸಲ. ನಾಲ್ಕನೆಯವರು ನಾಲ್ಕು ಸಲವೇ ಮಡಿಸಿ, ತಣಿದ ಪಲ್ಯಕ್ಕೆ ಬದಲು ಬಿಸಿ ಪಲ್ಯವನ್ನು ತುಂಬಲಿ. ಬೇಯಿಸುವ ಮೊದಲೂ ಅನಂತರವೂ ಎತ್ತರವನ್ನು ಅಳತೆಪಟ್ಟಿಯಿಂದಲೂ ತೂಕವನ್ನು ತಕ್ಕಡಿಯಿಂದಲೂ ಗುರುತಿಸಿಕೊಳ್ಳಿರಿ. ತೂಕದ ಇಳಿತವೇ ಬಹುಮಟ್ಟಿಗೆ ಹೊರಬಿದ್ದ ಆವಿಯ ಲೆಕ್ಕ. ಪಂದ್ಯದಲ್ಲಿ ಗೆದ್ದವರು ಯಾರೆಂಬುದನ್ನು ನಾಲಗೆ ಹೇಳಲಿ; ಏಕೆ ಗೆದ್ದರೆಂಬುದನ್ನು ನಿಮ್ಮ ಟಿಪ್ಪಣಿ ಪುಸ್ತಕ ಹೇಳುತ್ತದೆ.