ಕಾರಿಗಿಂತ ಮುಂದೆ ಓಡಿದ ಸುದ್ದಿ

2018ನೆಯ ಇಸವಿಯ ಜುಲೈ 13ರಂದು ಹೈದರಾಬಾದಿನ ಕೆಲವು ಮಂದಿ ಗೆಳೆಯರು ಬೀದರ್ ಜಿಲ್ಲೆಯ ಹಳ್ಳಿಯೊಂದಕ್ಕೆ ಬಂದಿದ್ದರು. ಅಲ್ಲಿ ಕಂಡ ಶಾಲೆಯ ಮಕ್ಕಳಿಗೆ ಅವರು ಪ್ರೀತಿಯಿಂದ ಚಾಕೊಲೇಟು ಹಂಚಿದರು. ಮಕ್ಕಳ ಕಳ್ಳರು ಊರೂರು ಅಲೆಯುತ್ತಿದ್ದಾರೆಂಬ ಗುಲ್ಲು ಆಗ ನಾಡಿನಲ್ಲೆಲ್ಲ ಹಬ್ಬಿದ್ದಿತು. ಹಳ್ಳಿಗರು ಸಂಶಯಗೊಂಡರು. ಗೆಳೆಯರು ಹೇಗೋ ಪಾರಾಗಿ ಕಾರನ್ನೇರಿ ಹೊರಟರು. ಆದರೆ ಅವರ ಚಿತ್ರ ಅಷ್ಟರಲ್ಲಿಯೇ ವಾಟ್ಸ್‌ಆ್ಯಪಿನ ಮೂಲಕ ಮುಂದಿನ ಊರಾದ ಮುರ್ಕಿಯನ್ನು ಸೇರಿಬಿಟ್ಟಿದ್ದಿತು. ಕಾರು ಅಲ್ಲಿಗೆ ಬರುವ ವೇಳೆಗೆ ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿ ಬಿದ್ದಿದ್ದಿತು. ಕಾರು ಉರುಳಿತು, ಜನ ಮುಗಿಬಿದ್ದರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದಿತು. ಸಾಫ್ಟ್‌ವೇರ್ ಎಂಜಿನಿಯರನಾಗಿದ್ದ ತರುಣನೊಬ್ಬ ಪ್ರಾಣ ಕಳೆದುಕೊಂಡನು.

ಕಾರಿಗಿಂತ ಸುದ್ದಿ ವೇಗವಾಗಿ ಓಡಿದ್ದಿತು. ಆ ಸುದ್ದಿ ಸುಳ್ಳಾಗಿದ್ದಿತು.

ಇದಕ್ಕೂ ವೃತ್ತಪತ್ರಿಕೆಗಳಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟು. ಆ ದುರಂತಕ್ಕೆ ಹನ್ನೆರಡು ದಿನ ಮೊದಲು, ಜುಲೈ 1ರಂದು, ಕನ್ನಡ ಪತ್ರಿಕೋದ್ಯಮಕ್ಕೆ ಸರಿಯಾಗಿ 175 ವರ್ಷ ತುಂಬಿದ್ದಿತು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗಿ, ಹದಿನೈದು ದಿನಗಳಿಗೊಮ್ಮೆ ಓದುಗರ ಕೈ ಸೇರುತ್ತಿದ್ದಿತು. ಇಂದಿನವರಿಗೆ ಆ ನಿಧಾನ ನಗೆ ತರಿಸೀತು. ಆದರೆ ಆ ನಿಧಾನದ ಒಳಗೆ ಒಂದು ರಕ್ಷಣೆ ಅಡಗಿದ್ದಿತು.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲವನ್ನು ನೆನೆಯಬೇಕು. ದೂರದ ಊರಿನ ಬಾತ್ಮೀದಾರ ಸಂಗತಿಯನ್ನು ವಿಚಾರಿಸಿ ತಂತಿ ಕಳುಹಿಸುತ್ತಿದ್ದನು. ಕಚೇರಿಯಲ್ಲಿ ಉಪಸಂಪಾದಕ ಅದನ್ನು ಹಿಡಿದು, ಹೇಳಿದವರು ಯಾರು, ಕಂಡವರು ಯಾರು, ಪೊಲೀಸರು ಏನೆನ್ನುತ್ತಾರೆ ಎಂದು ಕೇಳುತ್ತಿದ್ದನು. ಮುಂದೆ ಮೊಳೆ ಜೋಡಿಸುವವನು, ಕರಡು ತಿದ್ದುವವನು, ಕಡೆಗೆ ಸಂಪಾದಕರು. ಇಷ್ಟು ಜನರಲ್ಲಿ ಒಬ್ಬನಾದರೂ ‘ಇದು ನಿಜವೇ?’ ಎಂದು ಕೇಳಲು ಅವಕಾಶವಿದ್ದಿತು. ಹಾಗೆಂದು ಪತ್ರಿಕೆಗಳು ತಪ್ಪು ಮಾಡಲಿಲ್ಲವೆಂದಲ್ಲ, ಮಾಡಿದವು. ಆದರೆ ತಪ್ಪಿಗೆ ಒಂದು ವಿಳಾಸವಿದ್ದಿತು. ಮುದ್ರಕರ ಮತ್ತು ಪ್ರಕಾಶಕರ ಹೆಸರು ಅಚ್ಚಾಗಲೇಬೇಕೆಂದು 1867ರ ಕಾಯಿದೆಯೇ ವಿಧಿಸಿದ್ದಿತು. ಮೊಬೈಲಿಗೆ ಬಂದ ಸಂದೇಶಕ್ಕೆ ಇಂಥ ಹೊಣೆಗಾರನಿಲ್ಲ. ‘ಯಾರೋ ಕಳುಹಿಸಿದರು, ನಾನೂ ಕಳುಹಿಸಿದೆ’ ಎಂಬಲ್ಲಿಗೆ ಅದರ ವಂಶಾವಳಿ ಮುಗಿಯುತ್ತದೆ.

2013ರ ಜುಲೈ ತಿಂಗಳಲ್ಲಿ ಭಾರತದ ತಂತಿ ಸೇವೆ ನಿಂತುಹೋಯಿತು. 2016ರಲ್ಲಿ ಜಿಯೋ ಬಂದ ಮೇಲೆ ಅಂತರಜಾಲ ಅಗ್ಗವಾಗಿ ಹಳ್ಳಿ ಹಳ್ಳಿಗೂ ಹರಿಯಿತು. ಪ್ರತಿಯೊಬ್ಬನ ಕಿಸೆಯಲ್ಲಿಯೂ ಒಂದು ಅಚ್ಚುಕೂಟ ಬಂದು ಕುಳಿತಿತು. ಉಪಸಂಪಾದಕ ಮಾತ್ರ ಜೊತೆಗೆ ಬರಲಿಲ್ಲ. 2018ರ ಗುಲ್ಲಿಗೆ ತುಪ್ಪ ಸುರಿದ ದೃಶ್ಯವೊಂದನ್ನೇ ನೋಡಬಹುದು. ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ಆ ಚಿತ್ರ ವಾಸ್ತವವಾಗಿ ಕರಾಚಿಯ ಸಂಸ್ಥೆಯೊಂದು ಮಕ್ಕಳ ರಕ್ಷಣೆಯ ಬಗ್ಗೆ ತಿಳಿವಳಿಕೆ ನೀಡಲು ತಯಾರಿಸಿದ್ದು. ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತಾಯಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಇದೇ ಗುಲ್ಲಿಗೆ ಬಲಿಯಾಗಿದ್ದನು.

ಈ ಕಥೆಯಲ್ಲಿ ಒಂದು ವಿಚಿತ್ರವೂ ಇದೆ. ಮುರ್ಕಿಯ ಘಟನೆಗೆ ಮೂರು ದಿನ ಮುಂಚೆ, ಜುಲೈ 10ರಂದು, ವಾಟ್ಸ್‌ಆ್ಯಪ್ ಕಂಪನಿಯು ಸುಳ್ಳುಸುದ್ದಿಯನ್ನು ಗುರುತಿಸುವ ಬಗೆಯನ್ನು ಜನರಿಗೆ ತಿಳಿಸಹೊರಟಿತು. ಅದಕ್ಕಾಗಿ ಅದು ಆಶ್ರಯಿಸಿದ್ದು ಭಾರತದ ವೃತ್ತಪತ್ರಿಕೆಗಳ ಪೂರ್ಣ ಪುಟದ ಜಾಹೀರಾತನ್ನು! ನಂಬಿಕೆ ಬೇಕಾದಾಗ ಅದಕ್ಕೂ ಅಚ್ಚಿನ ಅಕ್ಷರವೇ ಬೇಕಾಯಿತು. ಅದೇ ತಿಂಗಳಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ರವಾನಿಸಲಾಗದಂತೆ ಕಂಪನಿ ಭಾರತದಲ್ಲಿ ಮಿತಿಯನ್ನೂ ಹಾಕಿತು. 2020ರ ಏಪ್ರಿಲಿನಲ್ಲಿ, ಅನೇಕ ಕೈ ದಾಟಿ ಬಂದ ಸಂದೇಶಗಳಿಗೆ ಆ ಮಿತಿ ಒಂದಕ್ಕೆ ಇಳಿಯಿತು. ಪತ್ರಿಕಾಲಯದಲ್ಲಿದ್ದ ಆ ‘ತಡೆ’ಯನ್ನೇ ಯಂತ್ರದೊಳಗೆ ಮರಳಿ ಕಟ್ಟುವ ಪ್ರಯತ್ನ ಅದು.

ದುಃಖದ ಸಂಗತಿಯೆಂದರೆ, ಪತ್ರಿಕಾಲಯದಲ್ಲಿಯೇ ಆ ತಡೆ ಈಗ ಸಡಿಲವಾಗುತ್ತಿದೆ. ವಿಚಾರಿಸಿ ಬರೆಯುವುದಕ್ಕೆ ಹಣ ಬೇಕು. ಓದುಗ ಕೊಡುವ ಬೆಲೆಯೊಂದರಿಂದ ದಿನಪತ್ರಿಕೆ ನಡೆಯದು. ಕೊರತೆಯನ್ನು ತುಂಬುತ್ತಿದ್ದುದು ಜಾಹೀರಾತು. ‘ಮನೆ ಬಾಡಿಗೆಗಿದೆ’, ‘ವಧು ಬೇಕಾಗಿದ್ದಾಳೆ’ ಎಂಬ ಪುಟ್ಟ ಪ್ರಕಟಣೆಗಳು ಜಾಲತಾಣಗಳಿಗೆ ವಲಸೆ ಹೋದವು. ದೊಡ್ಡ ಜಾಹೀರಾತುಗಳಲ್ಲಿಯೂ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್‌ಗಳಿಗೆ ಸಂದಿತು. 2020ರಲ್ಲಿ ಕೊರೋನಾ ಬಂದಾಗ, ಕಾಗದದಿಂದ ರೋಗ ತಗಲೀತೆಂದು ಹೆದರಿ ಅನೇಕ ಮನೆಗಳವರು ಪತ್ರಿಕೆಯನ್ನೇ ನಿಲ್ಲಿಸಿದರು. ಇಂದಿನ ಸುದ್ದಿಮನೆಗಳಲ್ಲಿ ಯಾವ ಸುದ್ದಿಯನ್ನು ಈ ಕ್ಷಣ ಎಷ್ಟು ಜನ ನೋಡುತ್ತಿದ್ದಾರೆಂದು ತೋರಿಸುವ ಪರದೆ ಇರುವುದುಂಟು. ಅದರ ಅಂಕಿ ಏರಬೇಕಾದರೆ ಮೊದಲು ಹೇಳಬೇಕು. ಮೊದಲು ಹೇಳಬೇಕಾದರೆ ವಿಚಾರಿಸಲು ಹೊತ್ತೆಲ್ಲಿ?

ಹೊಸ ಸಾಧನವನ್ನು ಹಳಿದು ಪ್ರಯೋಜನವಿಲ್ಲ. ಮುರ್ಕಿಯ ಘಟನೆ ನಡೆದ ಮರು ತಿಂಗಳೇ ಕೊಡಗಿನಲ್ಲಿ ಗುಡ್ಡಗಳು ಕುಸಿದವು. ಆಗ ಸಿಕ್ಕಿಬಿದ್ದ ಅನೇಕರ ಮೊರೆಯನ್ನು ಹೊರಗೆ ಮುಟ್ಟಿಸಿದ್ದು ಅದೇ ಮೊಬೈಲು, ಅದೇ ವಾಟ್ಸ್‌ಆ್ಯಪು. ಸುಳ್ಳನ್ನು ಅದರ ದಾರಿಯಲ್ಲಿಯೇ ಬೆನ್ನಟ್ಟುವ ಹೊಸ ಪತ್ರಕರ್ತರೂ ಹುಟ್ಟಿದ್ದಾರೆ. 2017ರಲ್ಲಿ ಆರಂಭವಾದ ‘ಆಲ್ಟ್ ನ್ಯೂಸ್’ ಅಂಥದೊಂದು. ದಿನಪತ್ರಿಕೆಗಳೂ ಸತ್ಯಶೋಧನೆಗೆ ಸ್ಥಳ ಕೊಡತೊಡಗಿವೆ. ವೇಗದಲ್ಲಿ ಪತ್ರಿಕೆ ಇನ್ನು ಗೆಲ್ಲಲಾರದು. ಆದರೆ ವಿಚಾರಿಸಿದ ಮಾತಿಗೆ ಬೆಲೆ ಕೊಡುವ ಓದುಗರಿರುವವರೆಗೆ ಅದಕ್ಕೆ ಉಳಿಗಾಲವುಂಟು.

ಓದುಗರ ಪಾಲಿಗೂ ಒಂದು ಕರ್ತವ್ಯ ಬಂದಿದೆ. ಉಪಸಂಪಾದಕನ ಮೇಜಿನ ಮೇಲಿದ್ದ ಕೆಂಪು ಪೆನ್ಸಿಲು ಈಗ ಪ್ರತಿಯೊಂದು ಮನೆಯ ಹಜಾರಕ್ಕೆ ಬಂದಿದೆ. ಅಜ್ಜನೋ ಮೊಮ್ಮಗಳೋ ಬಂಧುಗಳ ಗುಂಪಿಗೆ ಒಂದು ಸುದ್ದಿಯನ್ನು ದಾಟಿಸುವ ಮುನ್ನ ಆ ಹಳೆಯ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದ ಹಿರಿಯರು ಮೊಬೈಲನ್ನು ಕಂಡವರಲ್ಲ, ಮನುಷ್ಯನನ್ನು ಕಂಡಿದ್ದರು. ಆ ದಿನ ಬೀದರಿನ ಹಳ್ಳಿಯಲ್ಲಿ ಒಂದು ಬೆರಳು ಐದು ನಿಮಿಷ ತಡೆದಿದ್ದರೆ, ಆ ಕಾರು ಮುರ್ಕಿಯನ್ನು ದಾಟಿ ಮನೆಯ ದಾರಿ ಹಿಡಿಯುತ್ತಿದ್ದಿತೇನೋ.