ಮರುಭೂಮಿಯ ಗಿಡಕ್ಕೆ ಉಪ್ಪಿನ ಋಣ

ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಕಲಬುರಗಿಗೆ ರೈಲಿನಲ್ಲಿ ಹೋಗುವ ನಮ್ಮ ಬಂಧುಗಳು ದೌಂಡ್ ದಾಟಿದ ಬಳಿಕ ಒಂದು ಸಂಗತಿಯನ್ನು ಗಮನಿಸಿರಬಹುದು. ವೈಶಾಖದ ಬಿಸಿಲಿಗೆ ಹೊಲಗಳೆಲ್ಲ ಬಿರುಕುಬಿಟ್ಟು ಬಿದ್ದಿರುವಾಗಲೂ ಎಕ್ಕದ ಗಿಡ ಹಸುರಾಗಿಯೇ ನಿಂತಿರುತ್ತದೆ. ಅದಕ್ಕೆ ನೀರೆರೆಯುವವರಿಲ್ಲ, ಗೊಬ್ಬರ ಹಾಕುವವರೂ ಇಲ್ಲ. ಬೇರು ಆಳಕ್ಕಿಳಿದಿದೆ, ಎಲೆಗೆ ಮೇಣದ ಹೊದಿಕೆಯಿದೆ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಬರವನ್ನು ತಾಳುವ ಗಿಡಗಳು ನೀರನ್ನು ಸೆಳೆದು ಹಿಡಿದಿಡುವುದಕ್ಕೆ ನೆಲದೊಳಗಿನ ಖನಿಜ ಲವಣಗಳನ್ನೇ ಆಯುಧವನ್ನಾಗಿ ಮಾಡಿಕೊಳ್ಳುತ್ತವೆ ಎಂಬುದು ಉಳಿದರ್ಧ.

ಇದನ್ನು ತಿಳಿಯಲು ದೊಡ್ಡ ಶಾಸ್ತ್ರಾಭ್ಯಾಸ ಬೇಕಾಗಿಲ್ಲ; ಹೋಟೆಲಿನ ಅಡಿಗೆಮನೆಯೇ ಸಾಕು. ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ಸರಿಯುತ್ತದೆ. ಗಿಡದ ಜೀವಕೋಶಗಳಲ್ಲಿ ಲವಣವು ಮಣ್ಣಿನಲ್ಲಿರುವುದಕ್ಕಿಂತ ಹೆಚ್ಚಾಗಿದ್ದರೆ ಒಣಗುತ್ತಿರುವ ಮಣ್ಣೂ ತನ್ನ ತೇವವನ್ನು ಬಿಟ್ಟುಕೊಡಬೇಕಾಗುತ್ತದೆ. ಈ ಕೆಲಸಕ್ಕೆ ಸಕ್ಕರೆಯೂ ಆದೀತು. ಆದರೆ ಸಕ್ಕರೆಯನ್ನು ಗಿಡವು ತಾನೇ ತಯಾರಿಸಬೇಕು, ಅದು ದುಬಾರಿಯ ಬಾಬು. ಲವಣವಾದರೋ ನೆಲದಲ್ಲಿ ಸಿದ್ಧವಾಗಿಯೇ ದೊರೆಯುವುದು.

ಲವಣಗಳಲ್ಲಿ ಮುಖ್ಯವಾದುದು ಪೊಟ್ಯಾಸಿಯಂ. ಎಲೆಯ ಮೈಯಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಪ್ರತಿಯೊಂದಕ್ಕೂ ಎರಡು ಕಾವಲು ಕೋಶಗಳು. ಅವುಗಳೊಳಗೆ ಪೊಟ್ಯಾಸಿಯಂ ತುಂಬಿದಾಗ ನೀರೂ ಒಳಸೇರಿ, ಕೋಶಗಳು ಉಬ್ಬಿ ಬಾಗಿಲು ತೆರೆಯುತ್ತದೆ. ಅದು ಹೊರಗೆ ಹೋದಾಗ ಬಾಗಿಲು ಮುಚ್ಚುತ್ತದೆ. ಜಪಾನಿನ ಇಮಾಮುರಾ 1943ರಲ್ಲಿಯೇ ಇದರ ಸುಳಿವನ್ನು ಕಂಡಿದ್ದರೂ ಯುದ್ಧದ ಗದ್ದಲದಲ್ಲಿ ಹೊರಗಿನ ಜಗತ್ತಿಗೆ ಅದು ಕೇಳಿಸಲಿಲ್ಲ. 1968ರ ಸುಮಾರಿಗೆ ಮಾತ್ರ ಅದು ಎಲ್ಲೆಡೆ ಮನ್ನಣೆ ಪಡೆಯಿತು. ಪೊಟ್ಯಾಸಿಯಂ ಸಾಲದ ಗಿಡವು ಬಾಗಿಲನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರದೆ ಇದ್ದ ನೀರನ್ನೂ ಕಳೆದುಕೊಳ್ಳುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಚೀನದ ವಾಯವ್ಯ ಮರುಭೂಮಿಯಲ್ಲಿ ನಮ್ಮ ನೆಗ್ಗಿಲುಮುಳ್ಳಿನ ಕುಟುಂಬಕ್ಕೆ ಸೇರಿದ ಜೈಗೋಫಿಲಂ ಎಂಬ ಪೊದೆ ಬೆಳೆಯುತ್ತದೆ. ಅದು ಉಪ್ಪಿನ ಅಂಶ ಕಡಿಮೆಯಿರುವ ಮಣ್ಣಿನಿಂದಲೂ ಸೋಡಿಯಂ ಅನ್ನು ಹುಡುಕಿ ಎಲೆಗಳಲ್ಲಿ ಕೂಡಿಡುತ್ತದೆ. ಲಾಂಝೌ ವಿಶ್ವವಿದ್ಯಾಲಯದವರು ಲೀಟರಿಗೆ ಸುಮಾರು 3 ಗ್ರಾಂ ಅಡಿಗೆ ಉಪ್ಪನ್ನು ಕರಗಿಸಿ ಅದಕ್ಕೆ ಕೊಟ್ಟು ನೋಡಿದರು. ಗಿಡ ಸೊರಗುವ ಬದಲು ಮತ್ತಷ್ಟು ಸೊಂಪಾಯಿತು. ನೀರು ನಿಲ್ಲಿಸಿದಾಗ ಉಪ್ಪುಣ್ಣದ ಗಿಡಗಳಿಗಿಂತ ಚೆನ್ನಾಗಿ ತಾಳಿಕೊಂಡಿತು. ಎಲೆಯೊಳಗಿನ ಕೋಶಗಳಲ್ಲಿ ಒಂದೊಂದು ಉಗ್ರಾಣವಿದೆ. ಸೋಡಿಯಂ ಅಲ್ಲಿ ಬಂಧಿಯಾಗಿದ್ದು ನೀರನ್ನು ಹಿಡಿದಿಡುವುದು. ನಾಜೂಕಿನ ಕೆಲಸಗಳಿಗೆ ಪೊಟ್ಯಾಸಿಯಂ ಮೀಸಲು.

ನಮ್ಮ ಬೆಳೆಗಳಿಗೆ ಇಂತಹ ಉಗ್ರಾಣದ ಅನುಕೂಲ ಅಷ್ಟಾಗಿ ಇಲ್ಲ. ಹಾಗೆಂದು ಈ ವಿಚಾರ ನಮಗೆ ದೂರದ್ದಲ್ಲ. ಒಣ ಬೇಸಾಯದ ಸಂಶೋಧನೆ 1923ರಲ್ಲಿ ಮೊದಲಾದದ್ದೇ ಪುಣೆಯ ಮಗ್ಗುಲಿನ ಮಾಂಜರಿಯಲ್ಲಿ. 1933ರಿಂದೀಚೆಗೆ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರುಗಳಲ್ಲಿ ಕೇಂದ್ರಗಳಾದವು. ಇವುಗಳ ಸುತ್ತಲಿನ ಹಳ್ಳಿಗಳಿಂದ ಬಂದು ಇಲ್ಲಿ ತಟ್ಟೆ ತೊಳೆಯುವ, ಲೆಕ್ಕ ಬರೆಯುವ ತರುಣರು ಊರಿಗೆ ಕಳಿಸುವ ಹಣದಲ್ಲಿ ಗೊಬ್ಬರಕ್ಕೂ ಒಂದು ಪಾಲಿದೆ. ಆ ಪಾಲಿನಲ್ಲಿ ಯೂರಿಯಾ ಎಷ್ಟು, ಪೊಟ್ಯಾಶ್ ಎಷ್ಟು ಎಂದು ಕೇಳುವವರು ಕಡಿಮೆ. 2010ರಲ್ಲಿ ಸಹಾಯಧನದ ಪದ್ಧತಿ ಬದಲಾದಾಗ ಪೊಟ್ಯಾಶಿನ ಬೆಲೆ ಏರಿತು. ಯೂರಿಯಾ ಅಗ್ಗವಾಗಿಯೇ ಉಳಿಯಿತು. ರೈತನು ಅಗ್ಗದ ಚೀಲವನ್ನು ಹೊತ್ತು ತರುವುದು ಸಹಜ. ಯೂರಿಯಾ ಒಂದನ್ನೇ ಉಂಡ ಪೈರು ಎಲೆ ಹೆಚ್ಚಿಸಿಕೊಂಡು ಕಣ್ಣಿಗೆ ತಂಪಾಗಿ ಕಾಣುತ್ತದೆ. ಆದರೆ ಎಲೆ ಹೆಚ್ಚಾದಷ್ಟೂ ನೀರಿನ ಖರ್ಚು ಹೆಚ್ಚು, ಮಳೆ ಕೈಕೊಟ್ಟ ವಾರದಲ್ಲಿ ಅದು ತಲೆಬಾಗುತ್ತದೆ.

ಎರೆಮಣ್ಣಿನಲ್ಲಿ ಪೊಟ್ಯಾಶ್ ಹೇರಳವೆಂಬುದು ಸಾಮಾನ್ಯವಾಗಿ ನಿಜ. ಎಲ್ಲ ಹೊಲಕ್ಕೂ, ಎಲ್ಲ ಕಾಲಕ್ಕೂ ನಿಜವೆಂದು ಹೇಳಲಾಗದು. ಹೊಲದ ಮಣ್ಣನ್ನು ಪರೀಕ್ಷಿಸಿ ಚೀಟಿ ಕೊಡುವ ಯೋಜನೆ 2015ರಲ್ಲಿ ಆರಂಭವಾಗಿದೆ. ಪೊಟ್ಯಾಶಿನ ಲೆಕ್ಕವೂ ಆ ಚೀಟಿಯಲ್ಲಿರುತ್ತದೆ. ಯುಗಾದಿಗೆ ಊರಿಗೆ ಹೋಗುವವರು ತಂದೆಯವರನ್ನೋ ಅಣ್ಣನನ್ನೋ ಕರೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಒಮ್ಮೆ ಹೋಗಿಬರಬಹುದು.

ಕರಾವಳಿಯ ಬಂಧುಗಳು, ನಮ್ಮಲ್ಲಿ ತೆಂಗಿನ ಗುಂಡಿಗೆ ಉಪ್ಪು ಹಾಕುತ್ತಾರಲ್ಲ ಎಂದು ಕೇಳಿಯಾರು. ಅದು ಯುಕ್ತವೇ. ಉಪ್ಪಿನಲ್ಲಿರುವ ಕ್ಲೋರಿನ್ ಅಂಶವು ತೆಂಗಿನ ಎಲೆಬಾಗಿಲುಗಳಿಗೆ ಬೇಕಾದುದೆಂದು ವಿಜ್ಞಾನಿಗಳೂ ಒಪ್ಪಿದ್ದಾರೆ. ಆದರೆ ಕಡಲೆ ತೊಗರಿಗಳ ಹೊಲಕ್ಕೆ ಯಾರೂ ಉಪ್ಪು ಸುರಿಯದಿರಲಿ. ಅವು ಅದನ್ನು ತಾಳಲಾರವು.